ಕೆಳಗಿನ ಸಾಲಿನ ಬಿಲ್ಲೆ

ಚಿನ್ನದ ಗಣಿಯ ಕೋರಮಂಡಲ್ ಕಾಲೋನಿಯ ಆ ಸಾಲುಮನೆಯಲ್ಲಿ ಬಾಗಿಲ ಒಳಮಗ್ಗುಲಿಗೆ ಒಂದು ಹಲಗೆ ಇತ್ತು. ಹಲಗೆಯಲ್ಲಿ ಎರಡು ಸಾಲು ಮೊಳೆ. ಮೇಲಿನ ಸಾಲು ಮನೆಯೊಳಗಿರುವವರದು, ಕೆಳಗಿನ ಸಾಲು ಹೊರಗೆ ಹೋದವರದು. ಒಬ್ಬೊಬ್ಬರಿಗೆ ಒಂದೊಂದು ಹಿತ್ತಾಳೆ ಬಿಲ್ಲೆ, ಬಿಲ್ಲೆಯ ಮೇಲೆ ನಂಬರು. ಹಾಲು ತರಲು ಹೋಗುವವರೂ ಅಷ್ಟೆ, ತಿರುಪತಿಗೆ ಹೋಗುವವರೂ ಅಷ್ಟೆ. ತಮ್ಮ ಬಿಲ್ಲೆಯನ್ನು ಮೇಲಿನಿಂದ ತೆಗೆದು ಕೆಳಗೆ ಹಾಕಿಯೇ ಹೊಸ್ತಿಲು ದಾಟಬೇಕು. ತಿರುಗಿ ಬಂದವರು ಚಪ್ಪಲಿ ಬಿಟ್ಟ ಕೂಡಲೇ ಅದನ್ನು ಮೇಲಕ್ಕೆ ಹಾಕಬೇಕು. ಕುಡಿಯುವ ನೀರು ಆಮೇಲೆ.

ಇದು ಮನೆಯ ಯಜಮಾನ ಆದಿನಾರಾಯಣ ಮಾಡಿದ ಕಾನೂನು. ಅವನು ಇಪ್ಪತ್ತಾರು ವರ್ಷ ಗಣಿಗೆ ಇಳಿದವನು. ಇಳಿಯುವಾಗ ಬಿಲ್ಲೆ ಹಲಗೆಗೆ ಹಾಕುವುದು, ಮೇಲೆ ಬಂದಾಗ ತೆಗೆದುಕೊಳ್ಳುವುದು. ಶಿಫ್ಟು ಮುಗಿದ ಮೇಲೂ ಒಂದು ಬಿಲ್ಲೆ ಅಲ್ಲೇ ತೂಗುತ್ತಿದ್ದರೆ ಒಬ್ಬ ಕೆಳಗೇ ಉಳಿದಿದ್ದಾನೆ ಎಂದು ಅರ್ಥ. ಗಣಿ ಮುಚ್ಚಿದ ದಿನ ಅವನು ತನ್ನ 417ನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದ. ಒಡೆದ ಹಿತ್ತಾಳೆ ತಟ್ಟೆಯನ್ನು ಕತ್ತರಿಸಿ ಹೆಂಡತಿ ಮುನಿಗಂಗಮ್ಮನಿಗೆ 418, ಮಗ ನರೇಶನಿಗೆ 419 ಮಾಡಿದ. ಇಂದ್ರಾಣಿ ಸೊಸೆಯಾಗಿ ಬಂದ ದಿನ ಅರಿಶಿನ ಹಚ್ಚಿದ 420 ಅವಳ ಕೈಗೆ ಬಂತು.

"ಏನಪ್ಪಾ, ಮೊದ್ಲ ದಿನಾನೇ ನನ್ ಹೆಂಡ್ತೀನ ಫೋರ್ ಟ್ವೆಂಟಿ ಮಾಡ್ಬಿಟ್ಟಲ್ಲ!" ಎಂದು ನರೇಶ್ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಆಮೇಲೆ ಅವಳನ್ನು ಕರೆಯುವಾಗಲೆಲ್ಲ "ಲೇ ನಾನೂರಿಪ್ಪತ್ತು" ಎನ್ನುತ್ತಿದ್ದ.

ಮುನಿಗಂಗಮ್ಮ ಮನೆಯಲ್ಲೇ, ಮಲಗಿದ ಜಾಗದಲ್ಲೇ ತೀರಿಕೊಂಡಳು. ಅವಳ ಬಿಲ್ಲೆ ಮೇಲಿನ ಸಾಲಿನಲ್ಲಿತ್ತು. ಆದಿನಾರಾಯಣ ಅದನ್ನು ತೆಗೆದು ಅವಳ ಸೆರಗಿಗೆ ಕಟ್ಟಿ ಕಳಿಸಿದ. ನರೇಶನದು ಹಾಗಲ್ಲ. ಅವನು ಒಂದು ಬೆಳಿಗ್ಗೆ 419ನ್ನು ಕೆಳಗೆ ಹಾಕಿ, ಡಬ್ಬಿ ಹಿಡಿದು, ಬೆಂಗಳೂರಿನ ರೈಲು ಹತ್ತಿದ. ಮಾಲೂರು ದಾಟಿದ ಮೇಲೆ ಎದೆ ಹಿಡಿದುಕೊಂಡನಂತೆ. ಪಕ್ಕದವನು ನಿದ್ದೆ ಎಂದುಕೊಂಡನಂತೆ. ಮೂವತ್ಮೂರು ವರ್ಷ. ಸಾಯಂಕಾಲ ಆಂಬುಲೆನ್ಸ್ ಬಂತು. ಹೊರಗೆ ಸತ್ತವನನ್ನು ಒಳಗೆ ತರುವ ಪದ್ಧತಿಯಿಲ್ಲ. ಅಂಗಳದಲ್ಲಿ ಶಾಮಿಯಾನ ಹಾಕಿ ಅಲ್ಲೇ ಮಲಗಿಸಿದರು, ಅಲ್ಲಿಂದಲೇ ಎತ್ತಿದರು. ಅವನು ಹೊಸ್ತಿಲು ದಾಟಿ ಒಳಗೆ ಬರಲೇ ಇಲ್ಲ. ಹಾಗಾಗಿ ಬಿಲ್ಲೆಯೂ ಕೆಳಗಿನ ಸಾಲಿನಲ್ಲೇ ಉಳಿಯಿತು. ಹನ್ನೊಂದನೆಯ ದಿನ ಮನೆ ತೊಳೆಯುತ್ತಿದ್ದ ಯಾರೋ ನೆಂಟರು ಅದಕ್ಕೆ ಕೈಹಾಕಿದಾಗ ಆದಿನಾರಾಯಣ "ಏಯ್" ಎಂದ. ಅಷ್ಟೆ. ಅದಾಗಿ ಹದಿನಾಲ್ಕು ತಿಂಗಳು. ಯಾರೂ ಮುಟ್ಟಿಲ್ಲ.

ಇಂದ್ರಾಣಿ ಬಂಗಾರಪೇಟೆಯ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವಳು. ಬೆಳಿಗ್ಗೆ 420 ಕೆಳಗೆ, ಸಾಯಂಕಾಲ 420 ಮೇಲೆ. ಹಾಕುವಾಗ ತೆಗೆಯುವಾಗ ಪಕ್ಕದ ಬಿಲ್ಲೆಗೆ ಬೆರಳು ತಾಗದ ಹಾಗೆ ನೋಡಿಕೊಳ್ಳುತ್ತಿದ್ದಳು. ಅವಳು ಅತ್ತದ್ದನ್ನು ಯಾರೂ ಕಂಡಿರಲಿಲ್ಲ. ಅಳು ಬರುವ ಜಾಗದಲ್ಲಿ ಏನೋ ಮರಗಟ್ಟಿ ಕೂತಿತ್ತು. ಹಲ್ಲು ಕೀಳಿಸಿಕೊಂಡು ಬಂದವರು ದವಡೆ ಮುಟ್ಟಿ ನೋಡಿಕೊಳ್ಳುವಂತೆ ಆಗಾಗ ಮುಟ್ಟಿ ನೋಡಿಕೊಂಡು ಸುಮ್ಮನಾಗುತ್ತಿದ್ದಳು.

ಮಗಳು ನವ್ಯಳಿಗೆ ಐದೂವರೆ. ಅವಳಿಗೆ ಬಿಲ್ಲೆ ಇರಲಿಲ್ಲ.

"ತಾತಾ, ನಂಗೆ ಯಾವಾಗ ಬಿಲ್ಲೆ?"

"ನೀನು ಒಬ್ಳೇ ಓಗಲ್ವಲ್ಲ ಬಂಗಾರೂ. ಒಬ್ರೇ ಓಗೋರಿಗೆ ಬಿಲ್ಲೆ. ಅಮ್ಮನ ಕೈ ಇಡ್ಕೊಂಡು ಓಗೋರು ಅಮ್ಮನ ಬಿಲ್ಲೇಲೇ ಓಗ್ತಾರೆ."

"ಸೈಕಲ್ ಬಂದ್ರೆ ಒಬ್ಳೇ ಹೋಗ್ತೀನಿ. ಸೈಕಲ್ ಮೇಲೆ ಅಮ್ಮನ ಕೈ ಹೆಂಗೆ ಹಿಡ್ಕೊಳ್ಳೋದು?"

ಆದಿನಾರಾಯಣ ಸೊಸೆಯ ಕಡೆ ನೋಡಿದ. "ಏನಮ್ಮಾ, ಕೇಳುಸ್ತಾ? ನಿನ್ ಮಗ್ಳು ಲಾ ಪಾಯಿಂಟ್ ಆಕ್ತಾವ್ಳೆ."

"ಇನ್ನೂ ಬೇಡ ಮಾವ" ಎಂದಳು ಇಂದ್ರಾಣಿ.

ಸೈಕಲ್ ವಿಷಯ ಬೇಸಿಗೆ ರಜೆಯಿಂದ ನಡೆಯುತ್ತಿತ್ತು. ಪಕ್ಕದ ಮನೆಯ ಸೆಲ್ವಿಯ ಮೊಮ್ಮಗನಿಗೆ ಅವನಪ್ಪ ಹಿಂದಿನ ಚಕ್ರದ ಎರಡೂ ಕಡೆ ಪುಟ್ಟ ಚಕ್ರಗಳಿರುವ ಕೆಂಪು ಸೈಕಲ್ ತಂದುಕೊಟ್ಟಿದ್ದ. ಆ ಹುಡುಗ ಅದರ ಮೇಲೆ ಕೂತು ಬಿಸ್ಕೆಟ್ ತಿನ್ನುವುದಕ್ಕಿಂತ ಹೆಚ್ಚಿನ ಕೆಲಸ ಮಾಡುತ್ತಿರಲಿಲ್ಲ. ನವ್ಯ ಅದರ ಸುತ್ತ ಸುತ್ತುತ್ತಿದ್ದಳು.

ಇಂದ್ರಾಣಿ ಓದಿದವಳು. ಬೇಡ ಎನ್ನುವುದಕ್ಕೂ ಒಂದು ಆಧಾರ ಬೇಕು. ಫೋನಿನಲ್ಲಿ ಹುಡುಕಿದಳು. ಮೂರಕ್ಕೆ ಕಲಿಯುವ ಮಕ್ಕಳಿದ್ದಾರೆ, ಏಳಕ್ಕೆ ಕಲಿಯುವವರೂ ಇದ್ದಾರೆ, ವಯಸ್ಸು ನೋಡಬೇಡಿ ಮಗುವನ್ನು ನೋಡಿ ಎಂದು ಬರೆದಿದ್ದರು. ಹಳೆಯ ಪ್ರಾಕ್ಟಿಕಲ್ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಗೆರೆ ಎಳೆದಳು. ಎತ್ತರ ನೂರ ಒಂಬತ್ತು ಸೆಂಟಿಮೀಟರ್. ತೊಡೆಸಂದಿಯಿಂದ ಪಾದಕ್ಕೆ ನಲವತ್ತೇಳು. ಒಂಟಿ ಕಾಲಲ್ಲಿ ಎಷ್ಟು ಹೊತ್ತು ನಿಲ್ಲುತ್ತಾಳೆ? ನವ್ಯ ನಿಂತಳು, ಇಪ್ಪತ್ಮೂರು ಸೆಕೆಂಡ್ ಆದ ಮೇಲೆ "ಸಾಕಾ, ಇನ್ನೂ ನಿಲ್ಲಬೇಕಾ?" ಎಂದಳು. ಓಡುತ್ತಿರುವಾಗ ನಿಲ್ಲು ಎಂದರೆ ನಿಲ್ಲುತ್ತಾಳಾ? ನಿಂತಳು. ಒಂದೊಂದು ಸಾಲೂ ಸರಿ ಬಂದ ಹಾಗೆ ಇಂದ್ರಾಣಿ ಕೆಳಗೆ ಇನ್ನೊಂದು ಸಾಲು ಸೇರಿಸುತ್ತಿದ್ದಳು.

"ಯಾವಾಗ ಮತ್ತೆ ಕೊಡ್ಸೋದು?" ಎಂದು ಆದಿನಾರಾಯಣ ಒಂದು ದಿನ ಕೇಳಿಯೇಬಿಟ್ಟ.

"ಈ ರಸ್ತೆ ಇಳಿಜಾರು ಮಾವ. ನೀರಿನ ಟ್ಯಾಂಕ್ ಹತ್ರ ತಿರುಗಿದ್ರೆ ಮನೆಯಿಂದ ಕಾಣಲ್ಲ."

"ಕಾಣ್ದೇ ಇರೋ ಜಾಗಕ್ಕೆ ಓಗೋಕೇ ಅಲ್ವೇನಮ್ಮ ಸೈಕಲ್ಲು?"

"ಏಳು ತುಂಬಲಿ."

"ಏಳು ತುಂಬಿದ್ಮೇಲೆ?"

ಏಳು ತುಂಬಿದ ಮೇಲೆ ಎಂಟು ಇತ್ತು, ಒಂಬತ್ತು ಇತ್ತು. ಚಲಿಸುವ ಚಕ್ರ ಯಾಕೆ ಬೀಳುವುದಿಲ್ಲ ಎಂದು ಅವಳು ತರಗತಿಯಲ್ಲಿ ಅರ್ಧ ಗಂಟೆ ಹೇಳಬಲ್ಲಳು. ಹೋದವರು ತಿರುಗಿ ಬರುತ್ತಾರೆ ಎನ್ನುವುದಕ್ಕೆ ಅವಳ ಬಳಿ ಯಾವ ಸೂತ್ರವೂ ಇರಲಿಲ್ಲ.

ಆ ಗುರುವಾರ ಕಾಲೇಜಿನಲ್ಲಿ ಕೊನೆಯ ಕ್ಲಾಸು ನಡೆಯಲಿಲ್ಲ. ಇಂದ್ರಾಣಿ ಒಂದು ರೈಲು ಮುಂಚೆಯೇ ಬಂದಳು. ಸ್ಟೇಷನ್ನಿನಿಂದ ಏರು ಹತ್ತಿ ಮನೆ ಮುಟ್ಟಿದಾಗ ಬಾಗಿಲು ತೆರೆದೇ ಇತ್ತು. ಪಡಸಾಲೆಯ ಮಂಚದ ಮೇಲೆ ಆದಿನಾರಾಯಣ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಅವಳು ಚಪ್ಪಲಿ ಬಿಟ್ಟು, 420ನ್ನು ತೆಗೆದು ಮೇಲಕ್ಕೆ ಹಾಕಲು ಕೈ ಎತ್ತಿದಳು.

ಮೇಲಿನ ಸಾಲಿನಲ್ಲಿ, 417ರ ಪಕ್ಕದಲ್ಲಿ, 419 ತೂಗುತ್ತಿತ್ತು.

ಕೆಳಗಿನ ಮೊಳೆ ಬರಿದಾಗಿತ್ತು. ಹದಿನಾಲ್ಕು ತಿಂಗಳು ಬಿಲ್ಲೆ ಇದ್ದ ಜಾಗದಲ್ಲಿ ಹಲಗೆಯ ಮೇಲೆ ದುಂಡಗೆ ಒಂದು ತಿಳಿ ಗುರುತು.

ಆ ಹಲಗೆ ಆ ಮನೆಯಲ್ಲಿ ಒಮ್ಮೆಯೂ ಸುಳ್ಳು ಹೇಳಿರಲಿಲ್ಲ. ಅವಳ ಕಾಲು ಅವಳನ್ನು ಕೇಳದೆ ಒಳಗೆ ಹೋಯಿತು. ಕೋಣೆ ನೋಡಿದಳು. ಅಡುಗೆಮನೆ ನೋಡಿದಳು. ರೈಲಿನಿಂದ ಬಂದವನು ಮೊದಲು ಮುಖ ತೊಳೆಯುತ್ತಿದ್ದ, ಬಚ್ಚಲಿಗೆ ಹೋದಳು. ಬಕೆಟ್ಟು ಒಣಗಿತ್ತು. ಟವೆಲ್ಲು ಒಣಗಿತ್ತು. ಒಣ ಟವೆಲ್ಲು ಕೈಯಲ್ಲಿ ಹಿಡಿದು ಹಿತ್ತಲ ಬಾಗಿಲಿನ ಕಡೆ ತಿರುಗಿ ಅವಳು "ರೀ" ಎಂದಳು.

"ಯಾರನ್ನಮ್ಮ ಕರೀತಿದ್ದೀಯ?"

ನವ್ಯ ಹಿತ್ತಲಲ್ಲಿ ನಿಂತಿದ್ದಳು. ಮೊಣಕಾಲಿನಲ್ಲಿ ಹೊಸ ತರಚು ಗಾಯ, ಅದರ ಮೇಲೆ ಮೆತ್ತಿದ ಅರಿಶಿನ.

ಇಂದ್ರಾಣಿ ಮಗಳ ತೋಳು ಹಿಡಿದು ಹಲಗೆಯ ಮುಂದಕ್ಕೆ ಎಳೆದುಕೊಂಡು ಬಂದಳು. ಹಲಗೆಯ ಕೆಳಗೆ ಸ್ಟೂಲ್ ಇತ್ತು. ಅದನ್ನು ಅವಳು ಆಗ ನೋಡಿದಳು.

"ಇದನ್ನ ಯಾರು ಮುಟ್ಟಿದ್ದು?"

ಆ ದನಿಗೆ ಆದಿನಾರಾಯಣ ಎದ್ದು ಕೂತ. ಹಲಗೆಯ ಕಡೆ ನೋಡಿದವನು ಕೈಗೆ ಸಿಕ್ಕ ಕನ್ನಡಕ ಹಾಕಿಕೊಂಡು ಮತ್ತೆ ನೋಡಿದ.

"ನಾನು" ಎಂದಳು ನವ್ಯ. "ಸೆಲ್ವಿ ಅಜ್ಜಿ ಮನೆ ಸೈಕಲ್ ತಗೊಂಡು ಹೋಗಿದ್ದೆ. ಟ್ಯಾಂಕ್ ತನಕ. ಒಬ್ರೇ ಹೋಗೋರು ಬಿಲ್ಲೆ ಕೆಳಗೆ ಹಾಕ್ಬೇಕಲ್ಲ. ನಂಗೆ ಬಿಲ್ಲೆ ಇಲ್ಲ. ಅಪ್ಪಂದು ಕೆಳಗೇ ಇತ್ತು, ಸುಮ್ನೆ. ಅದನ್ನೇ ನಂದು ಅಂದ್ಕೊಂಡು ಹೋದೆ."

"ಆಮೇಲೆ?"

"ಆಮೇಲೆ ಬಂದ್ನಲ್ಲ. ಬಂದ್ಮೇಲೆ ಮೇಲಕ್ಕೆ ಹಾಕ್ದೆ." ಬಿಲ್ಲೆಯ ಕಡೆ ಬೆರಳು ತೋರಿಸಿ, "ಹಾಕ್ದೇ ಇದ್ರೆ ನೀವು ಹುಡುಕ್ತಾ ಇರ್ತೀರಲ್ಲ" ಎಂದಳು.

ಎತ್ತಿದ ದನಿ ಕೇಳಿ ಸೆಲ್ವಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. "ಬೈಬೇಡ ಮಾ ಇಂದ್ರಾಣಿ, ಪಾಪು ಮೇಲೆ ತಪ್ಪಿಲ್ಲ. ನಾನು ಬಾಗ್ಲು ಮುಂದೆ ತಿಟ್ಟೆ ಮೇಲೆ ಕೂತ್ಕೊಂಡು ನೋಡ್ತಾನೇ ಇದ್ದೆ. ಒಂದೇ ಸಲ ಬಿತ್ತು. ತಾನೇ ಎದ್ದು, ಸೈಕಲ್ ಎತ್ಕೊಂಡು ಬಂತು. ನಮ್ ಮನೇಲಿ ಒಬ್ಬ ಇದಾನೆ, ಸೈಕಲ್ ಮೇಲೆ ಕೂತ್ಕೊಂಡು ಸಾಮಿ ಥರ ದರ್ಶನ ಕೊಡ್ತಾನೆ!" ಎಂದು ತಾನೇ ನಕ್ಕಳು. ಒಳಗೆ ಯಾರೂ ನಗಲಿಲ್ಲ. ಸೆಲ್ವಿ ಹಲಗೆ ನೋಡಿದಳು. "ಅಯ್ಯೋ ಮುರುಗಾ" ಎಂದು ಮೆಲ್ಲಗೆ ಹಿಂದಕ್ಕೆ ಸರಿದಳು.

419ನ್ನು ಮತ್ತೆ ಕೆಳಗೆ ಹಾಕಬೇಕಿತ್ತು. ಆದಿನಾರಾಯಣ ಹಾಕಲಿಲ್ಲ. ಇಂದ್ರಾಣಿಯೂ ಹಾಕಲಿಲ್ಲ. ಅವಳು ಮಗಳ ಮೊಣಕಾಲು ತೊಳೆದಳು, ಅನ್ನಕ್ಕಿಟ್ಟಳು, ಬೇಳೆಗೆ ಒಗ್ಗರಣೆ ಹಾಕಿದಳು. ಹಲಗೆಯ ಪ್ರಕಾರ ಆ ಸಾಯಂಕಾಲ ನರೇಶ್ ಮನೆಯಲ್ಲಿದ್ದ. ತಟ್ಟೆ ಹಾಕುವಾಗ ಅವಳ ಕೈ ನಾಲ್ಕು ತಟ್ಟೆ ತೆಗೆಯಿತು. ಒಂದನ್ನು ತಿರುಗಿ ಇಟ್ಟಳು.

ಬೆಳಿಗ್ಗೆ ಮಗಳ ತಲೆ ಬಾಚುತ್ತ, ಬೈತಲೆ ನೋಡಿಕೊಂಡೇ ಹೇಳಿದಳು: "ಭಾನುವಾರ ಬಂಗಾರಪೇಟೆಗೆ ಹೋಗೋಣ."

"ಯಾಕೆ?"

"ಸೈಕಲ್‌ಗೆ."

ನವ್ಯ ತಿರುಗಲು ಹೋಗಿ ಬಾಚಣಿಗೆ ಸಿಕ್ಕಿಕೊಂಡು ಕೂಗಿದಳು.

ಕದಿರಪ್ಪನ ಸೈಕಲ್ ಅಂಗಡಿ ಬಂಗಾರಪೇಟೆಯ ಸಂತೆ ಬೀದಿಯಲ್ಲಿತ್ತು. ಕದಿರಪ್ಪ ಮುದುಕ, ಬನಿಯನ್ನಿನ ತುಂಬ ಗ್ರೀಸು. ಇಂದ್ರಾಣಿ ನೋಟ್‌ಬುಕ್ ಹಾಳೆ ತೆಗೆದು ಅಳತೆಗಳನ್ನು ಓದಿದಳು. ಅವನು ಪೂರ್ತಿ ಕೇಳಿಸಿಕೊಂಡ.

"ಮೇಡಮ್ಮೋರೆ, ಇಷ್ಟೊಂದು ಅಳತೆ ತಗೊಂಡು ಲಂಗ ಒಲಿಸ್ಬಿಡ್ಬೋದು. ಆ ಪೇಪರ್ರು ಒಳಗಿಡಿ. ಬಾರಮ್ಮಿ ಇಲ್ಲಿ." ಒಂದು ಹಸಿರು ಸೈಕಲ್ ತಂದು ನವ್ಯಳನ್ನು ಅದರ ಮೇಲೆ ಕೂರಿಸಿದ. ಎರಡೂ ಪಾದ ನೆಲಕ್ಕೆ ಪೂರ್ತಿ ಊರುವವರೆಗೆ ಸೀಟು ಇಳಿಸಿದ. ಆಮೇಲೆ ಅವಳನ್ನು ಇಳಿಸಿ, ಸೈಕಲ್ಲನ್ನು ಬೇಕೆಂದೇ ನೆಲಕ್ಕೆ ಬೀಳಿಸಿದ. "ಎತ್ತು."

ನವ್ಯ ಹ್ಯಾಂಡಲ್ ಹಿಡಿದು ಎಳೆದಳು. ಮೇಲೇಳಲಿಲ್ಲ. ಸುತ್ತ ಒಂದು ಸಲ ನಡೆದು ಬಂದು, ಸೀಟಿಗೆ ಒಂದು ಕೈ ಹಾಕಿ, ತೊಡೆಗೆ ಒರಗಿಸಿಕೊಂಡು ಎತ್ತಿ ನಿಲ್ಲಿಸಿದಳು.

"ಅಷ್ಟೇ ಕಣ್ರಮ್ಮ ಪರೀಕ್ಷೆ" ಎಂದ ಕದಿರಪ್ಪ. "ಬಿದ್ದಿದ್ದನ್ನ ತಾನೇ ಎತ್ಕೊಳೋ ಮಗೂಗೆ ಸೈಕಲ್ ಕೊಡ್ಬೋದು. ಬೇರೆಯೋರು ಎತ್ತಲಿ ಅಂತ ಅಳ್ತಾ ಕೂತ್ರೆ ಇನ್ನೊಂದ್ವರ್ಸ ಕಾಯಿ ಅಂತೀನಿ." ಸ್ಪ್ಯಾನರ್ ತಗೊಂಡು ಎರಡೂ ಪೆಡಲ್ ಬಿಚ್ಚಿ ಪೇಪರ್ರಿನಲ್ಲಿ ಸುತ್ತಿಕೊಟ್ಟ. "ಹದಿನೈದು ದಿನ ಬರೀ ಕಾಲಲ್ಲಿ ತಳ್ಕೊಂಡು ಓಡಾಡ್ಲಿ. ಎರಡೂ ಕಾಲು ಎತ್ಕೊಂಡು ಜಾರೋಕೆ ಸುರು ಮಾಡಿದ್ಲು ಅಂದ್ರೆ ಪೆಡಲ್ ಆಕಿ. ಮೊದ್ಲ ದಿನ ಇಂದೆ ಓಡೋಕೆ ಅವರಪ್ಪನ್ನ ಕರೀರಿ. ಎಂಗಸ್ರಿಗೆ ಸೀರೆ ಕಾಲಿಗೆ ಸಿಕ್ಕತದೆ."

"ನಮ್ಮಪ್ಪ ಇಲ್ಲ" ಎಂದಳು ನವ್ಯ, ಬೆಲ್ಲು ಹೊಡೆಯುತ್ತ. "ಅಮ್ಮಾನೇ ಓಡ್ತಾಳೆ."

ಕದಿರಪ್ಪ ಇಂದ್ರಾಣಿಯ ಹಣೆ, ಕತ್ತು ನೋಡಿದ. ಬೆಲ್ಲಿನ ಸ್ಕ್ರೂ ಬಿಗಿಯಾಗಿಯೇ ಇತ್ತು. ಅದನ್ನೇ ಇನ್ನೊಮ್ಮೆ ಬಿಗಿಮಾಡಿದ. "ಓಡ್ತಾರೆ ಬಿಡು. ಚೂಡಿದಾರ ಆಕ್ಕೊಂಡು ಓಡ್ತಾರೆ."

ಹನ್ನೆರಡನೆಯ ದಿನ ನವ್ಯ ಎರಡೂ ಕಾಲು ಎತ್ತಿಕೊಂಡು ಬಾಗಿಲಿನಿಂದ ಸೆಲ್ವಿಯ ತಿಟ್ಟೆಯವರೆಗೆ ಜಾರಿದಳು. ಅಂದು ಸಾಯಂಕಾಲ ಇಂದ್ರಾಣಿ ಪೆಡಲ್ ಹಾಕಲು ಕೂತಳು. ಬಲಗಡೆಯದು ಕೂತಿತು. ಎಡಗಡೆಯದು ಎಷ್ಟು ತಿರುಗಿಸಿದರೂ ಹಿಡಿಯಲಿಲ್ಲ. ತಿಟ್ಟೆಯ ಮೇಲಿಂದ ನೋಡುತ್ತಿದ್ದ ಆದಿನಾರಾಯಣನ ಹೊಟ್ಟೆ ಕುಲುಕತೊಡಗಿತು.

"ಎಡಗಡೇದು ಉಲ್ಟಾ ತಿರುಗ್ತದೆ ಕಣಮ್ಮ! ಎಂಎಸ್ಸಿನಾಗೆ ಇದು ಏಳ್ಕೊಡ್ಲಿಲ್ವಾ?"

"ಹೇಳ್ಕೊಟ್ಟಿದ್ರು. ಮರೆತಿದ್ದೆ" ಎಂದಳು ಇಂದ್ರಾಣಿ. ಅವಳ ಬಾಯಿಯ ಒಂದು ಮೂಲೆ ಸ್ವಲ್ಪ ಅಲುಗಿತು. ಮಾವ ಅದನ್ನು ಕಂಡೂ ಕಾಣದ ಹಾಗೆ ಬೇರೆ ಕಡೆ ನೋಡಿದ.

ಅವಳು ಓಡಿದಳು. ಒಂದು ಕೈ ಸೀಟಿನ ಹಿಂದೆ, ದುಪಟ್ಟಾ ಸೊಂಟಕ್ಕೆ. ನಾಲ್ಕು ಸಾಯಂಕಾಲ ಹಾಗೆ ಓಡಿದಳು. ಐದನೆಯ ಸಾಯಂಕಾಲ ಕೈ ಬಿಟ್ಟಳು. ನವ್ಯಳಿಗೆ ಗೊತ್ತಾಗಲಿಲ್ಲ, ಹಿಂದೆ ಅಮ್ಮ ಇದ್ದಾಳೆಂದು ಮಾತಾಡುತ್ತಲೇ ಹೋದಳು. ನಿಂತು ತಿರುಗಿ ನೋಡಿದಾಗ ಅಮ್ಮ ಎಂಟು ಮನೆ ಹಿಂದೆ, ರಸ್ತೆಯ ಮಧ್ಯೆ, ಒಬ್ಬಳೇ ನಿಂತಿದ್ದಳು.

ಭಾನುವಾರ ಬೆಳಿಗ್ಗೆ ಸುತ್ತಿಗೆಯ ಸದ್ದು. ಆದಿನಾರಾಯಣ ಹಲಗೆಯ ಕೆಳಗೆ, ಗೋಡೆಗೆ, ಒಂದು ತುಂಡು ಹಲಗೆ ಸೇರಿಸಿ ಎರಡು ಮೊಳೆ ಹೊಡೆದ. ನವ್ಯಳ ಎದೆಯ ಎತ್ತರಕ್ಕೆ ಒಂದು, ಅದರ ಕೆಳಗೆ ಒಂದು. "ಸ್ಟೂಲ್ ಅತ್ತಿ ಬಿದ್ಗಿದ್ದೀಯ" ಎಂದು ಹೊಸ ಬಿಲ್ಲೆ ಅವಳ ಕೈಗಿಟ್ಟ. 421. ಅಂಚು ಚೆನ್ನಾಗಿ ಉಜ್ಜಿದ್ದ. ಮೇಲೆ ಅರಿಶಿನ.

ಆಮೇಲೆ ಅವನು ದೊಡ್ಡ ಹಲಗೆಯ ಮುಂದೆ ಬಂದ. 419ನ್ನು ತೆಗೆದ. ಧೋತರದ ತುದಿಯಿಂದ ಒರೆಸಿದ.

"ಅಮ್ಮಾ ಇಂದ್ರಾಣಿ."

ಅವಳು ಅಡುಗೆಮನೆಯಿಂದ ಬಂದಳು.

"ಮೈನ್‌ನಿಂದ ಮೇಲೆ ಬರ್ದೇ ಇದ್ದೋನ ಬಿಲ್ಲೇನ ಬೋರ್ಡ್ ಮೇಲೆ ಬಿಡ್ತಿರ್ಲಿಲ್ಲ. ಕೆಳಗೂ ಇಲ್ಲ, ಮೇಲೂ ಇಲ್ಲ. ತೆಗ್ದು ಅವನ ಮನೆಯೋಳ ಕೈಗೆ ಕೊಡ್ತಿದ್ರು. ನಾನೇ ಎರಡು ಮನೆಗೆ ತಗೊಂಡೋಗಿ ಕೊಟ್ಟು ಬಂದಿದೀನಿ." ಅವನು ಬಿಲ್ಲೆಯನ್ನೇ ನೋಡುತ್ತಿದ್ದ. "ನಮ್ ಮನೇಲಿ ಕೊಡೋಕೆ ನಂಗೆ ಕೈ ಬರ್ಲಿಲ್ಲ. ತಪ್ಪಾಯ್ತು ಕಣಮ್ಮ. ಇಷ್ಟ್ ದಿನ ನಿನ್ನ ಕಾಯಿಸ್ಬಿಟ್ಟೆ."

ಇಂದ್ರಾಣಿ ಕೈ ಚಾಚಿದಳು. ಬಿಲ್ಲೆ ಅವಳು ಎಣಿಸಿದ್ದಕ್ಕಿಂತ ಹಗುರವಾಗಿತ್ತು. ಒಡೆದ ತಟ್ಟೆಯ ತುಂಡು ತಾನೆ.

"ಅಮ್ಮಾ, ಹಾಕ್ದೆ!" ನವ್ಯ ಆಗಲೇ 421ನ್ನು ಕೆಳಗಿನ ಮೊಳೆಗೆ ಹಾಕಿ ಅಂಗಳಕ್ಕೆ ಇಳಿದಿದ್ದಳು. "ಟ್ಯಾಂಕ್ ಸುತ್ತಿ ಬರ್ತೀನಿ."

ಸುತ್ತಿ ಎಂದರೆ ಆ ಕಡೆ. ಮನೆಯಿಂದ ಕಾಣದ ಕಡೆ. ಇಂದ್ರಾಣಿಯ ಬಾಯಿಗೆ ಬಂದದ್ದು ಹಳೆಯ ಮಾತೇ. ಅದನ್ನು ನುಂಗಿದಳು.

"ಬೆಲ್ಲು ಹೊಡೀತಾ ಹೋಗು" ಎಂದಳು.

ಹಸಿರು ಸೈಕಲ್ ಸಾಲುಮನೆಗಳ ಮುಂದೆ ಹೋಯಿತು. ಸೆಲ್ವಿ ತಿಟ್ಟೆಯಿಂದ ಏನೋ ಕೂಗಿದಳು, ನವ್ಯ ಏನೋ ಕೂಗಿದಳು. ಟ್ಯಾಂಕಿನ ಹತ್ತಿರ ಪುಟ್ಟ ಬೆನ್ನು ಸ್ವಲ್ಪ ವಾಲಿತು, ನೆಟ್ಟಗಾಯಿತು, ತಿರುವಿನಲ್ಲಿ ಹೋಯಿತು. ಆಮೇಲೆ ಬರೀ ಬೆಲ್ಲು. ಮೊದಲು ಜೋರಾಗಿ, ಆಮೇಲೆ ಗಾಳಿಯ ಜೊತೆ ಬಂದಾಗ ಮಾತ್ರ. ಆಮೇಲೆ ಅದೂ ಇಲ್ಲ. ರಸ್ತೆಯ ಆಚೆ ಗಣಿಯ ಬೂದು ಮಣ್ಣಿನ ದಿಬ್ಬ ಬಿಸಿಲಲ್ಲಿ ಸುಮ್ಮನೆ ಕೂತಿತ್ತು.

ಅವಳ ಕಾಲು ಓಡು ಎಂದಿತು. ಇಂದ್ರಾಣಿ ಓಡಲಿಲ್ಲ. ಹೊಸ್ತಿಲ ಮೇಲೆ ಕೂತಳು, ಮದುವೆಯಾಗಿ ಬಂದ ಮೇಲೆ ಅಲ್ಲಿ ಎಂದೂ ಕೂತವಳಲ್ಲ. ಬೆನ್ನ ಹಿಂದೆ ಹಲಗೆಯಲ್ಲಿ 417, 420. ಕೈಯಲ್ಲಿ 419. ಒಂದು ಹನಿ ಬಿಲ್ಲೆಯ ಮೇಲೆ ಬಿತ್ತು. ಎಲ್ಲಿಂದ ಎಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಒಳಗಿನಿಂದ ಆದಿನಾರಾಯಣ ಕೇಳಿದ: "ಬಂದ್ಳಾ?"

"ಇನ್ನೂ ಇಲ್ಲ ಮಾವ" ಎಂದಳು, ತಿರುವನ್ನೇ ನೋಡುತ್ತ.